ಗಾಲಿಯ ದೂರು

ಶಿವರಾತ್ರಿಯ ಬೆನ್ನಿಗೆ ನಮ್ಮಲ್ಲಿ ಜಾತ್ರೆಗಳ ಕಾಲ ತೊಡಗುತ್ತದೆ. ಅದು ಮುಗಿಯುವ ಹೊತ್ತಿಗೆ ಬಸವ ಜಯಂತಿ; ಅನಂತರ ಮದುವೆ, ಗೃಹಪ್ರವೇಶ, ಮಕ್ಕಳ ಲಿಂಗದೀಕ್ಷೆ. ಹಿಂದೆ ಇವಕ್ಕೆಲ್ಲ ಚಕ್ಕಡಿ ಕಟ್ಟಿಕೊಂಡು, ಆಮೇಲಿನ ದಿನಗಳಲ್ಲಿ ಕೆಂಪು ಬಸ್ಸು ಹಿಡಿದು ಹೋಗುತ್ತಿದ್ದ ನಮ್ಮ ಮನೆತನಗಳು ಇಂದು ಬಹುಮಟ್ಟಿಗೆ ಸ್ವಂತ ಕಾರಿನಲ್ಲಿ ಹೊರಡುತ್ತವೆ. ಈ ಅಂಕಣದಲ್ಲಿ ಸಾಮಾನ್ಯವಾಗಿ ಮನೆಯೊಳಗಿನ ಸಂಗತಿಗಳನ್ನೇ ಪ್ರಸ್ತಾಪಿಸುತ್ತ ಬಂದಿರುವ ನಾವು ಈ ತಿಂಗಳು ಕಾರಿನ ಗಾಲಿಯ ಮಾತನ್ನೆತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮನೆಯ ಹಿರಿಯರನ್ನೂ ಮಡಿಲ ಕೂಸುಗಳನ್ನೂ ಒಟ್ಟಿಗೆ ಕೂರಿಸಿಕೊಂಡು ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಅಷ್ಟು ಹೊತ್ತು ನಮ್ಮ ಮನೆಯೇ ಅಲ್ಲವೆ? ಆ ಮನೆ ನೆಲಕ್ಕೆ ತಾಗಿ ನಿಂತಿರುವುದು ನಾಲ್ಕು ಕಡೆ ಮಾತ್ರ, ಒಂದೊಂದು ಕಡೆಯೂ ಸುಮಾರು ಅಂಗೈಯಗಲದಷ್ಟೇ ಜಾಗದಲ್ಲಿ.

2024ರ ಮಾರ್ಚ್ ತಿಂಗಳಲ್ಲಿ ಸಿದ್ಧಗಂಗೆಯ ಜಾತ್ರೆಗೆಂದು ನಾವು ದಾವಣಗೆರೆಯಿಂದ ಹೊರಟಿದ್ದೆವು. ಕಾರು ನಮ್ಮ ತಂಗಿಯ ಮಗನದು. 2015ರಲ್ಲಿ ತಯಾರಾದ ಆ ಕಾರನ್ನು ಆತ 2021ರಲ್ಲಿ ಎರಡನೆಯ ಕೈಯಿಂದ ಕೊಂಡುಕೊಂಡಿದ್ದ. ಹಿಂದಿನ ಮಾಲೀಕರು ಹೆಚ್ಚು ಓಡಿಸಿರಲಿಲ್ಲ; ಟೈರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಗೀರುಗಳೆಲ್ಲ ಆಳವಾಗಿಯೇ ಇದ್ದವು. ‘ಇನ್ನೂ ಮೂವತ್ತು ಸಾವಿರ ಕಿಲೋಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿ’ ಎಂದು ಮಾರಿದವರು ಹೇಳಿದ್ದರಂತೆ. ಐವರ ಕಾರಿನಲ್ಲಿ ನಾವು ಏಳು ಮಂದಿ: ನಾವು, ನಮ್ಮ ಮನೆಯವರು, ತಂಗಿ, ಅಳಿಯ, ಅವನ ಹೆಂಡತಿ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಮಠದ ದಾಸೋಹಕ್ಕೆಂದು ಒಯ್ದ ಅಕ್ಕಿಯ ಚೀಲ. ಹೋಗುವಾಗ ಏನೂ ಆಗಲಿಲ್ಲ. ಪೂಜ್ಯ ಶಿವಕುಮಾರ ಮಹಾಸ್ವಾಮಿಗಳವರ ಗದ್ದುಗೆಯ ದರ್ಶನ ಮಾಡಿ, ಪ್ರಸಾದ ಸ್ವೀಕರಿಸಿ, ದನದ ಜಾತ್ರೆಯನ್ನೂ ಮಕ್ಕಳಿಗೆ ತೋರಿಸಿ ಮರುದಿನ ಹಿಂದಿರುಗಿದೆವು.

ಸಿರಾ ದಾಟಿ ಹಿರಿಯೂರಿನ ಕಡೆಗೆ ಬರುತ್ತಿದ್ದಾಗ ಮಧ್ಯಾಹ್ನ ಎರಡರ ಸುಮಾರು. ಬಿಸಿಲು ಹೆದ್ದಾರಿಯ ಮೇಲೆ ನೀರಿನಂತೆ ಹೊಳೆಯುತ್ತಿತ್ತು. ಮೊದಲು ಕಾರಿನ ಅಡಿಯಲ್ಲಿ ಯಾರೋ ಹಲಗೆ ಬಡಿದಂತೆ ಶಬ್ದ. ಮರುಕ್ಷಣವೇ ಸಿಡಿಲಿನಂಥ ಸದ್ದು, ಹಿಂಭಾಗ ಎಡಕ್ಕೆ ಜಗ್ಗಿತು. ಅಳಿಯ ಎರಡೂ ಕೈಯಿಂದ ಸ್ಟೇರಿಂಗ್ ಬಿಗಿಹಿಡಿದು, ಬ್ರೇಕನ್ನು ಮುಟ್ಟದೆ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದ. ಕಾರು ತಾನಾಗಿ ನಿಧಾನಿಸುತ್ತ ಬಂದು ರಸ್ತೆಯಂಚಿಗೆ ನಿಂತಿತು. ಹಿಂದಿನಿಂದ ಬರುತ್ತಿದ್ದ ಲಾರಿ ಹಾರನ್ ಬಾರಿಸುತ್ತ ನಮ್ಮನ್ನು ದಾಟಿ ಹೋಯಿತು. ತಂಗಿ ಒಂದು ತೋಳಿನಿಂದ ಮೊಮ್ಮಗಳನ್ನು ಎದೆಗವಚಿಕೊಂಡು, ಇನ್ನೊಂದು ಕೈಯ ಮುಷ್ಟಿಯಲ್ಲಿ ಕೊರಳ ಕರಡಿಗೆಯನ್ನು ಹಿಡಿದು ಕುಳಿತಿದ್ದಳು. ಆ ಮುಷ್ಟಿ ಬಿಡಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೆಳಗಿಳಿದು ನೋಡಿದರೆ ಹಿಂದಿನ ಎಡಗಾಲಿಯ ಟೈರಿನ ಮೇಲ್ಪದರ ಸಿಪ್ಪೆಯಂತೆ ಸುಲಿದು ಹೋಗಿತ್ತು, ಒಳಗಿನ ಉಕ್ಕಿನ ತಂತಿಗಳು ಕೆದರಿ ನಿಂತಿದ್ದವು.

ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿ ಅರ್ಧಕ್ಕಿಂತ ಕಡಿಮೆ. ಸರಕು ಸಾಗಿಸುವ ಆಟೋದವರೊಬ್ಬರು ತಾವಾಗಿಯೇ ನಿಲ್ಲಿಸಿ ಜಾಕ್ ಏರಿಸಲು ನೆರವಾದರು. ಹೆಂಗಸರನ್ನೂ ಮಕ್ಕಳನ್ನೂ ಅದೇ ಆಟೋದಲ್ಲಿ ಕಳುಹಿಸಿ, ನಾವಿಬ್ಬರೂ ತೆವಳುತ್ತ ಹಿರಿಯೂರಿನ ಹೊರಭಾಗದ ಒಂದು ಪಂಚರ್ ಅಂಗಡಿ ತಲುಪಿದೆವು. ಅಂಗಡಿಯಾತ ಕೇರಳದಿಂದ ಬಂದು ನೆಲೆಸಿ ಬಹುಕಾಲವಾದವನು, ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾನೆ. ಹರಿದ ಟೈರನ್ನು ತಿರುಗಿಸಿ ಒಳಮೈಯಲ್ಲಿದ್ದ ನಾಲ್ಕು ಅಂಕಿಗಳನ್ನು ಬೆರಳಿನಿಂದ ಒರೆಸಿ ತೋರಿಸಿದ: 1815. ‘ಇದು ಪಂಚರ್ ಅಲ್ಲ ಯಜಮಾನ್ರೇ, ಟೈರು ಮುದುಕ ಆಗಿದೆ’ ಎಂದ. 2015ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ನಮ್ಮ ಲೆಕ್ಕದಲ್ಲಿ ‘ಹೊಸದರಂತಿದ್ದ’ ಟೈರಿಗೆ ಒಂಬತ್ತು ವರ್ಷ ತುಂಬುತ್ತ ಬಂದಿತ್ತು. ಉಳಿದ ಮೂರನ್ನೂ ನೋಡಿದ. ಅವುಗಳ ಹುಟ್ಟೂ ಅದೇ ತಿಂಗಳಿನದು. ಬಿಸಿಯಾಗಿರುವಾಗಲೇ ಅವುಗಳಲ್ಲಿ 27 ಪಿ.ಎಸ್.ಐ. ಗಾಳಿ ಇತ್ತು. ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಹಿಂದಿನ ಗಾಲಿಗಳಿಗೆ 36 ಎಂದು ಬರೆದಿತ್ತು. ಮೂರು ವರ್ಷಗಳಲ್ಲಿ ಆ ಚೀಟಿಯನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ಇಷ್ಟಾದರೆ ಇದನ್ನು ನಮ್ಮ ಅಜ್ಞಾನದ ಕಥೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಮನೆಗೆ ಬಂದ ಮೇಲೆ ತಿಳಿದ ಇನ್ನೊಂದು ಸಂಗತಿ ನಮ್ಮನ್ನು ಕಾಡಿತು. ಇದಕ್ಕೆ ಹದಿನೈದು ದಿನ ಮೊದಲು ತಂಗಿಯ ಸೊಸೆ, ‘ಹಿಂದಿನ ಸೀಟಿನ ಕೆಳಗೆ ಏನೋ ದಬದಬ ಬಡಿದ ಹಾಗಾಗುತ್ತದೆ, ಮೊದಲು ಹೀಗಿರಲಿಲ್ಲ’ ಎಂದು ಗಂಡನಿಗೆ ಎರಡು ಸಲ ಹೇಳಿದ್ದಳಂತೆ. ಆತ ಮೊದಲ ಸಲ ‘ರಸ್ತೆ ಹಾಗಿದೆ’ ಎಂದ. ಎರಡನೆಯ ಸಲ ಗ್ಯಾರೇಜಿಗೆ ಒಯ್ದ. ಅಲ್ಲಿ ಗಾಲಿಗಳನ್ನು ಬ್ಯಾಲೆನ್ಸ್ ಮಾಡಿ, ರಿಮ್ಮಿಗೆ ಸಣ್ಣ ತೂಕಗಳನ್ನು ಅಂಟಿಸಿ, ಹಣ ಪಡೆದು ಕಳುಹಿಸಿಬಿಟ್ಟರು. ಬಡಿತ ನಿಲ್ಲಲಿಲ್ಲ. ಹಿಂದೆ ಕುಳಿತುಕೊಳ್ಳುವವಳು ಅವಳಾದ್ದರಿಂದ ಅವಳಿಗೆ ಮಾತ್ರ ಅದು ಕೇಳಿಸುತ್ತಿತ್ತು. ಮೂರನೆಯ ಸಲ ಹೇಳಲು ಅವಳಿಗೆ ಸಂಕೋಚವಾಯಿತು. ನಮ್ಮ ಮನೆಗಳಲ್ಲಿ ಸೊಸೆಯ ದೂರನ್ನು ಕೇಳುವ ಬಗೆ ಹೀಗಿದೆ. ಅದಕ್ಕೆ ಆಗ ನಾವೂ ಹೊರತಾಗಿರಲಿಲ್ಲ. ಪ್ರಯಾಣದ ನಡುವೆ ಅವಳು ‘ಶಬ್ದ ಜಾಸ್ತಿಯಾಯಿತಲ್ಲವೆ?’ ಎಂದು ಕೇಳಿದಾಗ ನಾವೇ ಮಾತು ಬದಲಿಸಿದ್ದು ನೆನಪಿದೆ.

ಆ ಬಡಿತವೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಟೈರು ಎಂದರೆ ಬರಿಯ ರಬ್ಬರಿನ ಬಳೆಯಲ್ಲ. ಈಗಿನ ಕಾರುಗಳ ರೇಡಿಯಲ್ ಟೈರಿನಲ್ಲಿ ಒಳಗಡೆ ಅಂಚಿನಿಂದ ಅಂಚಿಗೆ ಅಡ್ಡಲಾಗಿ ಹಾಯುವ ನೂಲಿನ ಹುರಿಗಳ ಪದರ, ಅದರ ಮೇಲೆ ಸುತ್ತಲೂ ಉಕ್ಕಿನ ತಂತಿಗಳ ಎರಡು ಪಟ್ಟಿಗಳು, ಅವುಗಳ ಮೇಲೆ ನೆಲಕ್ಕೆ ತಾಗುವ ದಪ್ಪ ರಬ್ಬರು ಇರುತ್ತವೆ. ಎಲ್ಲವನ್ನೂ ಕಾಯಿಸಿ ಒಂದೇ ದೇಹವಾಗಿ ಬೆಸೆದಿರುತ್ತಾರೆ. ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಗಾಳಿ ಕಡಿಮೆಯಿದ್ದರೆ, ಭಾರ ಹೆಚ್ಚಿದ್ದರೆ ಈ ಬಾಗು ಹೆಚ್ಚುತ್ತದೆ. ಬಾಗು ಹೆಚ್ಚಿದಷ್ಟೂ ಒಳಗೆ ಶಾಖ ಹೆಚ್ಚುತ್ತದೆ. ಉಕ್ಕಿನ ಪಟ್ಟಿಗಳ ಅಂಚಿನಲ್ಲಿರುವ ರಬ್ಬರಿಗೆ ಎಲ್ಲಕ್ಕಿಂತ ಹೆಚ್ಚು ಎಳೆತ. ರಬ್ಬರು ಗಾಳಿಯ ಆಮ್ಲಜನಕದಿಂದ ವರ್ಷವರ್ಷಕ್ಕೂ ಗಡುಸಾಗುತ್ತ ಬರುವ ವಸ್ತು. ಕಾರು ಓಡದೆ ನೆರಳಿನಲ್ಲಿ ನಿಂತಿದ್ದರೂ ಈ ಮುಪ್ಪು ತಪ್ಪದು. ಗಡುಸಾದ ಆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಪಟ್ಟಿಗಳ ನಡುವೆ ಹರಡಿ, ಒಂದು ಕಡೆ ಪದರ ಬಿಟ್ಟುಕೊಳ್ಳುತ್ತದೆ. ಬಿಟ್ಟ ಜಾಗ ಉಬ್ಬಿ, ಸುತ್ತಿಗೊಮ್ಮೆ ನೆಲಕ್ಕೆ ಬಡಿಯುತ್ತದೆ. ಸೊಸೆಗೆ ಕೇಳಿಸಿದ್ದು ಅದೇ. ತೂಕ ಅಂಟಿಸಿದ್ದರಿಂದ ಅದು ವಾಸಿಯಾಗುವಂಥದಲ್ಲ. ಗಾಲಿಯನ್ನು ಮೇಲೆತ್ತಿ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದ್ದರೆ ಉಬ್ಬು ಕಣ್ಣಿಗೆ ಕಾಣುವ ಸಂಭವವಿತ್ತು.

ಅಳಿಯನಿಗೆ ಗ್ಯಾರೇಜಿನವರಿಗೆ ಪತ್ರ ಬರೆಯೆಂದು ಹೇಳಿದೆವು. ‘ಬಿಡಿ ಮಾವ, ದೇವರು ಉಳಿಸಿದ, ಇನ್ನು ಯಾರ ಮೇಲೆ ದೂರು?’ ಎಂದ. ತಂಗಿಯದೂ ಅದೇ ಮಾತು. ಜೀವ ಉಳಿದ ಮೇಲೆ ದೂರು ಹೇಳುವುದು ಕೃತಘ್ನತೆ ಎಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಆಳವಾಗಿದೆ. ನಾವು ಇದನ್ನು ಒಪ್ಪಲಾರೆವು. ಉಳಿದವನು ಹೇಳದಿದ್ದರೆ ಉಳಿಯದವನಂತೂ ಹೇಳಲಾರ. ಹೀಗೆಂದಾಗ ನಮಗೆ ನೆನಪಾದದ್ದು ಅಮೆರಿಕದಲ್ಲಿ ನಡೆದ ಒಂದು ಪ್ರಕರಣ. ಅದನ್ನು ಅಳಿಯನಿಗೆ ಹೇಳಿದಂತೆಯೇ ಓದುಗರಿಗೂ ಹೇಳುತ್ತೇವೆ.

ಅಲ್ಲಿ ಫೋರ್ಡ್ ಸಂಸ್ಥೆಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಕಾರು 1990ರ ದಶಕದಲ್ಲಿ ಕುಟುಂಬಗಳಿಗೆ ಬಲು ಮೆಚ್ಚಿನದಾಗಿತ್ತು. ಅದಕ್ಕೆ ಹಾಕುತ್ತಿದ್ದುದು ಫೈರ್‌ಸ್ಟೋನ್ ಟೈರು. ಟೆಕ್ಸಾಸ್, ಅರಿಜೋನಾ, ಫ್ಲಾರಿಡಾಗಳಂಥ ಬಿಸಿಲ ನಾಡುಗಳಲ್ಲಿ ಹೆದ್ದಾರಿಯ ಮೇಲೆ ಈ ಟೈರುಗಳ ಮೇಲ್ಪದರ ಇದ್ದಕ್ಕಿದ್ದಂತೆ ಕಳಚಿ ಕಾರುಗಳು ಉರುಳತೊಡಗಿದವು. ಮಾಲೀಕರು ದೂರು ಹೇಳಿದರು. ಒಬ್ಬೊಬ್ಬರ ದೂರಿಗೂ ಒಂದೊಂದು ಉತ್ತರ ಸಿಕ್ಕಿತು: ಗಾಳಿ ಕಡಿಮೆಯಿತ್ತು, ಭಾರ ಹೆಚ್ಚಿತ್ತು, ಗುಂಡಿಗೆ ಇಳಿಸಿರಬೇಕು, ವೇಗ ಮೀರಿರಬೇಕು. ಯಾವ ಉತ್ತರವೂ ಪೂರ್ತಿ ಸುಳ್ಳೆನ್ನುವಂತಿರಲಿಲ್ಲ. ಆದ್ದರಿಂದಲೇ ಪ್ರತಿಯೊಬ್ಬ ಮಾಲೀಕನೂ ತಪ್ಪು ತನ್ನದೇ ಇರಬೇಕೆಂದು ಸುಮ್ಮನಾದ.

ಈ ಬಿಡಿ ದೂರುಗಳನ್ನು ಒಂದೆಡೆ ಇಟ್ಟು ನೋಡಿದವನು ಸ್ಯಾಮ್ ಬಾಯ್ಡನ್ ಎಂಬ ನೌಕರ. ಸ್ಟೇಟ್ ಫಾರ್ಮ್ ಎಂಬ ವಿಮಾ ಸಂಸ್ಥೆಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವುದು ಆತನ ಕಾಯಕ. ಒಂದೇ ಬಗೆಯ ಟೈರು ಒಂದೇ ರೀತಿ ಕಳಚಿದ 21 ಪ್ರಕರಣಗಳನ್ನು ಗುರುತಿಸಿ 1998ರಲ್ಲಿ ಆತ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಗೆ ತಿಳಿಸಿದ. ಇಲಾಖೆ ಆಗ ಕದಲಲಿಲ್ಲ. ಕೋಟ್ಯಂತರ ಟೈರುಗಳ ನಡುವೆ ಇಪ್ಪತ್ತೊಂದು ಯಾವ ಲೆಕ್ಕ? 1999ರಲ್ಲಿ ಸೌದಿ ಅರೇಬಿಯದಲ್ಲಿ ಫೋರ್ಡ್ ಸಂಸ್ಥೆ ತಾನೇ ಟೈರುಗಳನ್ನು ಬದಲಿಸಿಕೊಟ್ಟಿತಾದರೂ ಅಮೆರಿಕದ ಗ್ರಾಹಕರಿಗೆ ಅದರ ಸುಳಿವಿರಲಿಲ್ಲ. 2000ನೆಯ ಇಸವಿಯ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದ ಒಂದು ದೂರದರ್ಶನ ಕೇಂದ್ರ ಈ ಅಪಘಾತಗಳ ಬಗ್ಗೆ ವರದಿ ಪ್ರಸಾರ ಮಾಡಿತು. ‘ನಮಗೂ ಹೀಗೆಯೇ ಆಯಿತು’ ಎಂದು ಜನ ದೂರವಾಣಿಯ ಮೇಲೆ ದೂರವಾಣಿ ಮಾಡಿದರು. ಮೇ ತಿಂಗಳಲ್ಲಿ ಸರ್ಕಾರದ ತನಿಖೆ, ಆಗಸ್ಟ್ 9ರಂದು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯುವ ಘೋಷಣೆ. ಅಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿಹೋಗಿತ್ತು. ಕೊನೆಗೆ ಅಮೆರಿಕವೊಂದರಲ್ಲಿಯೇ ಸಾವಿನ ಲೆಕ್ಕ 271ಕ್ಕೆ ಮುಟ್ಟಿತು.

ಆಮೇಲೆ ಎರಡು ಸಂಸ್ಥೆಗಳೂ ಒಂದರ ಮೇಲೊಂದು ತಪ್ಪು ಹೊರಿಸಿಕೊಂಡದ್ದು ದೊಡ್ಡ ಕಥೆ. ಕಾರಿನ ಸಂಸ್ಥೆ 26 ಪಿ.ಎಸ್.ಐ. ಗಾಳಿ ಸಾಕೆಂದು ಸೂಚಿಸಿತ್ತು, ಟೈರಿನ ಸಂಸ್ಥೆ 30 ಇರಬೇಕೆಂದಿತು. ಕಾರೇ ಉರುಳುವ ಸ್ವಭಾವದ್ದು ಎಂದು ಇವರು, ಟೈರೇ ಕೆಟ್ಟದ್ದು ಎಂದು ಅವರು. ಸುಮಾರು ಒಂದು ಶತಮಾನದ ವ್ಯಾಪಾರ ಸಂಬಂಧ 2001ರಲ್ಲಿ ಮುರಿದುಬಿತ್ತು. ನಮಗೆ ಮುಖ್ಯವೆನಿಸುವುದು ಅದಲ್ಲ. 2000ನೆಯ ಇಸವಿಯ ನವೆಂಬರಿನಲ್ಲಿ ಆ ದೇಶ ಮಾಡಿದ ಕಾನೂನಿನ ಪ್ರಕಾರ, ಗ್ರಾಹಕರಿಂದ ಬಂದ ದೂರು, ಪರಿಹಾರದ ಕೋರಿಕೆ, ಹೊರದೇಶದಲ್ಲಿ ಕೈಗೊಂಡ ಬದಲಾವಣೆ ಇವುಗಳನ್ನೆಲ್ಲ ತಯಾರಕರು ಸರ್ಕಾರಕ್ಕೆ ವರದಿ ಮಾಡಲೇಬೇಕು. ಗಾಳಿ ನಿಗದಿಗಿಂತ ನಾಲ್ಕನೆಯ ಒಂದು ಭಾಗ ಇಳಿದರೆ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುವ ಏರ್ಪಾಟು 2007ರ ಸೆಪ್ಟೆಂಬರಿನಿಂದ ಅಲ್ಲಿನ ಪ್ರತಿಯೊಂದು ಹೊಸ ಕಾರಿಗೂ ಕಡ್ಡಾಯವಾಯಿತು. ನಮ್ಮ ದೇಶದ ಹಲವು ಕಾರುಗಳಲ್ಲಿ ಇಂದು ಕಾಣುವ ಆ ಹಳದಿ ದೀಪಕ್ಕೆ ಆ ಮಾಲೀಕರ ದೂರುಗಳೇ ಎಣ್ಣೆ.

ಈ ವೃತ್ತಾಂತ ಕೇಳಿ ಅಳಿಯ ಪತ್ರ ಬರೆದ. ಗ್ಯಾರೇಜಿನವರು ದೂರವಾಣಿಯಲ್ಲಿ, ‘ಟೈರಿನ ವಯಸ್ಸು ನೋಡುವುದು ನಮ್ಮ ಕೆಲಸವಲ್ಲ, ಬೇಕಾದರೆ ಒಂದು ಅಲೈನ್‌ಮೆಂಟ್ ಉಚಿತವಾಗಿ ಮಾಡಿಕೊಡುತ್ತೇವೆ’ ಎಂದರು. ನಾವು ಇಂದಿಗೂ ಅದನ್ನು ಒಪ್ಪಿಲ್ಲ. ಬಡಿತದ ದೂರು ತಂದವನ ಗಾಲಿಯನ್ನು ಕೈಗೆತ್ತಿಕೊಂಡವನು ಆ ಗಾಲಿಯನ್ನು ನೋಡಬೇಕಾಗಿತ್ತು. ಆದರೆ ಐವರ ಕಾರಿನಲ್ಲಿ ಏಳು ಜನ ತುಂಬಿ, 36 ಇರಬೇಕಾದಲ್ಲಿ ಇಪ್ಪತ್ತೈದೋ ಇಪ್ಪತ್ತಾರೋ ಗಾಳಿಯಿಟ್ಟುಕೊಂಡು ಹೊರಟ ನಾವು ಗ್ರಾಹಕ ಆಯೋಗದ ಮುಂದೆ ನಿಂತು ಏನೆನ್ನುವುದು? ಅದೂ ಸತ್ಯವೇ. ಆದುದರಿಂದ ಪತ್ರದಲ್ಲಿ ನಮ್ಮ ತಪ್ಪನ್ನೂ ಬರೆದಿದ್ದೆವು.

ಇನ್ನು, ನಮ್ಮ ಬಂಧುಗಳಲ್ಲಿ ಕಾರಿಟ್ಟುಕೊಂಡವರು ಹೇಳುವ ದೂರುಗಳ ವಿಚಾರ. ಈ ಬರಹಕ್ಕಾಗಿ ಹತ್ತಾರು ಮನೆಗಳಲ್ಲಿ ವಿಚಾರಿಸಿದೆವು. ಕಾರು ಎಡಕ್ಕೋ ಬಲಕ್ಕೋ ಎಳೆಯುತ್ತದೆ ಎಂಬುದು ಎಲ್ಲಕ್ಕಿಂತ ಸಾಮಾನ್ಯ. ಅದು ಗಾಲಿಗಳ ನೇರ ತಪ್ಪಿದ್ದರಿಂದ ಆಗಬಹುದು, ಒಂದು ಕಡೆ ಗಾಳಿ ಕಡಿಮೆಯಾಗಿಯೂ ಆಗಬಹುದು. ಗಾಳಿ ನೋಡಿಸದೆ ಅಲೈನ್‌ಮೆಂಟಿಗೆ ಹಣ ಕೊಡಬಾರದು. ಎಂಬತ್ತು ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ಬಹುತೇಕ ಮುಂದಿನ ಗಾಲಿಗಳ ಬ್ಯಾಲೆನ್ಸ್ ತಪ್ಪಿರುತ್ತದೆ. ನಡುಕ ಸೀಟಿನಡಿಯಿಂದ ಬಂದರೆ ಹಿಂದಿನ ಗಾಲಿಗಳನ್ನು ನೋಡಬೇಕು. ಬ್ಯಾಲೆನ್ಸ್ ಮಾಡಿಸಿದ ಮೇಲೂ ನಿಲ್ಲದ ನಡುಕವನ್ನು ಕಡೆಗಣಿಸಲೇಬಾರದೆಂದು ನಾವು ಕಂಡುಕೊಂಡ ಬಗೆಯನ್ನು ಮೇಲೆ ಹೇಳಿಯಾಗಿದೆ. ಟೈರು ಎರಡೂ ಅಂಚಿನಲ್ಲಿ ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಒಳಗಿನ ಒಂದೇ ಅಂಚು ಸವೆದಿದ್ದರೆ ಗಾಲಿಯ ಓರೆ ತಪ್ಪಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಈ ಒಳ ಅಂಚು ನಿಂತು ನೋಡಿದರೆ ಕಾಣದು; ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಬಗ್ಗಿ ನೋಡಬೇಕು.

ಗುಂಡಿಗೆ ಬಿದ್ದ ಮೇಲೆ ಟೈರಿನ ಪಕ್ಕೆಯಲ್ಲಿ ಗುಳ್ಳೆಯಂತೆ ಉಬ್ಬು ಏಳುವುದು ನಮ್ಮ ರಸ್ತೆಗಳ ಕೊಡುಗೆ. ರಬ್ಬರು ಮೇಲೆ ಸರಿಯಾಗಿಯೇ ಕಾಣುತ್ತದೆ, ಒಳಗಿನ ಹುರಿಗಳು ತುಂಡಾಗಿರುತ್ತವೆ. ‘ಇನ್ನೊಂದು ತಿಂಗಳು ಓಡಿಸೋಣ’ ಎನ್ನುವವರು ನಮ್ಮಲ್ಲಿ ಬಹಳ. ಅದಕ್ಕೆ ರಿಪೇರಿ ಎಂಬುದಿಲ್ಲ, ಊರಿನೊಳಗೂ ಓಡಿಸಬಾರದು. ಹಾಗೆಯೇ ಪಕ್ಕೆಗೆ ಮೊಳೆ ಹೊಕ್ಕರೆ ಪಂಚರ್ ಹಾಕಿಸಬಾರದು, ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ ಅದು ಸಲ್ಲುತ್ತದೆ. ಹಿರಿಯೂರಿನ ಆ ಅಂಗಡಿಯಾತ ನಮ್ಮ ಕಣ್ಣೆದುರಿಗೇ ಒಬ್ಬ ಗಿರಾಕಿಯ ಪಕ್ಕೆಯ ಪಂಚರನ್ನು ‘ಹಾಕುವುದಿಲ್ಲ, ಬೇರೆ ಕಡೆ ಹೋಗಿ’ ಎಂದು ಹಿಂದಕ್ಕೆ ಕಳುಹಿಸಿದ. ನೂರಿನ್ನೂರು ರೂಪಾಯಿ ಬಿಟ್ಟುಕೊಟ್ಟ ಆತನ ಕಾಯಕನಿಷ್ಠೆಯ ಮುಂದೆ ನಮ್ಮೂರಿನ ಹವಾನಿಯಂತ್ರಿತ ಗ್ಯಾರೇಜು ನಮಗೆ ಸಣ್ಣದಾಗಿ ಕಂಡಿತು.

ಗಾಲಿ ಬದಲಿಸಿದ ಮೇಲೆ ನಟ್ಟು ಸಡಿಲವಾದದ್ದನ್ನು ಮೂವರು ಹೇಳಿದರು. ಬಂಡಿಗೆ ಕಡೆಗೀಲಿನ ಬೆಲೆ ಏನೆಂದು ಶರಣರ ವಚನಗಳನ್ನು ಓದಿಕೊಂಡವರಿಗೆ ಹೇಳಬೇಕಾಗಿಲ್ಲ. ಐವತ್ತು-ನೂರು ಕಿಲೋಮೀಟರ್ ಓಡಿದ ಅನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸುವುದು ಐದು ನಿಮಿಷದ ಕೆಲಸ. ಕೆಲವರು ಸಾರಜನಕ ತುಂಬಿಸಿದರೆ ಟೈರು ಸಿಡಿಯುವುದಿಲ್ಲವೆಂದು ನಂಬಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ಅದಿದೆ! ಅದು ತುಸು ನಿಧಾನವಾಗಿ ಸೋರುತ್ತದೆ, ಅಷ್ಟೆ. ತಿಂಗಳಿಗೊಮ್ಮೆ ನೋಡಿಸುವ ಶ್ರಮ ಅದರಿಂದ ತಪ್ಪದು. ಗಾಳಿಯನ್ನು ನೋಡಿಸುವುದಾದರೂ ಬೆಳಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ಟೈರಿನ ಪಕ್ಕೆಯ ಮೇಲೆ ಬರೆದ ಒತ್ತಡ ಅದು ತಾಳುವ ಗರಿಷ್ಠ ಮಿತಿ; ನಾವು ಹಾಕಿಸಬೇಕಾದದ್ದು ಬಾಗಿಲ ಕಂಬದ ಚೀಟಿಯಲ್ಲಿರುವುದನ್ನು.

ವಯಸ್ಸಿನ ವಿಚಾರದಲ್ಲಿ ತಯಾರಕರ ಸಲಹೆ ಸ್ವಲ್ಪ ಹೆಚ್ಚುಕಡಿಮೆಯಿದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ, ಹತ್ತು ವರ್ಷಕ್ಕೆ ಸವೆಯದಿದ್ದರೂ ಕಡ್ಡಾಯವಾಗಿ ಬದಲು ಎಂದು ಕೆಲವರು. ಆರು ವರ್ಷಕ್ಕೇ ಬದಲಿಸಿ ಎಂದು ಹಲವು ಕಾರು ತಯಾರಕರು. ನಮ್ಮ ಬಿಸಿಲಿಗೆ ಆರನ್ನೇ ನೆಚ್ಚುವುದು ಮೇಲೆಂದು ನಮ್ಮ ಅಭಿಪ್ರಾಯ. ಸವೆತಕ್ಕಾದರೋ ಟೈರಿನ ಗೀರಿನೊಳಗೆಯೇ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಇಳಿದರೆ ಅದರ ಆಯುಷ್ಯ ಮುಗಿಯಿತು. ಹೊಸ ಟೈರು ಕೊಳ್ಳುವಾಗಲೂ ನಾಲ್ಕು ಅಂಕಿ ನೋಡಿಯೇ ಕೊಳ್ಳಬೇಕು. ಅಂಗಡಿಯ ಅಟ್ಟದಲ್ಲಿ ಎರಡು-ಮೂರು ವರ್ಷ ಮಲಗಿದ್ದ ಮಾಲನ್ನು ‘ಹೊಸದು’ ಎಂದು ಕೊಡುವವರಿದ್ದಾರೆ.

ಸ್ಟೆಪ್ನಿಯ ಬಗ್ಗೆ ಒಂದು ಮಾತು. ಇಂಗ್ಲಿಷಿನವರೇ ಮರೆತಿರುವ ಈ ಪದವನ್ನು ನಮ್ಮ ದೇಶ ಉಳಿಸಿಕೊಂಡಿದೆ. ವೇಲ್ಸ್ ಪ್ರಾಂತದ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಥಾಮಸ್ ಮಾರಿಸ್ ಡೇವಿಸ್ ಎಂಬವನು ಮೋಟಾರಿಗೆ ಹೆಚ್ಚಿನ ಗಾಲಿಯನ್ನು ಮಾಡಿ ಮಾರತೊಡಗಿದ. ಬೀದಿಯ ಹೆಸರೇ ಗಾಲಿಗೆ ಬಂತು. ಅದಕ್ಕೂ ಮುಪ್ಪುಂಟು, ಅದಕ್ಕೂ ಗಾಳಿ ಬೇಕು ಎಂಬುದನ್ನು ಹೆದ್ದಾರಿಯಲ್ಲಿ ನಿಂತು ಕಲಿಯುವುದು ಬೇಡ. ಗಾಳಿಯ ಒತ್ತಡ ತೋರಿಸುವ ಯಂತ್ರವೂ ಟ್ಯೂಬ್‌ಲೆಸ್ ಟೈರಿನ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಇಲ್ಲದೆಯೇ ಕಾರು ಮಾರಲು 2020ರಲ್ಲಿ ನಮ್ಮ ಸರ್ಕಾರ ಅನುಮತಿ ಕೊಟ್ಟಿದೆ. ಹೊಸ ಕಾರು ಕೊಳ್ಳುವವರು ಡಿಕ್ಕಿಯ ಹಾಸನ್ನೆತ್ತಿ ನೋಡಿಕೊಳ್ಳುವುದು ಒಳಿತು. ಕಿಟ್ಟಿನಿಂದ ಮೊಳೆಯ ತೂತು ಮುಚ್ಚಬಹುದು, ನಮ್ಮಂತೆ ಹರಿದ ಟೈರಿಗೆ ಅದು ಯಾವ ಉಪಯೋಗಕ್ಕೂ ಬಾರದು.

ದೂರು ಕೊಡುವವರಿಗೆ ಒಂದಿಷ್ಟು ತಿಳಿವಳಿಕೆ ಬೇಕು. ಕಾರಿನ ವಾರಂಟಿಯಲ್ಲಿ ಟೈರು ಸಾಮಾನ್ಯವಾಗಿ ಸೇರಿರುವುದಿಲ್ಲ; ಟೈರಿನ ತಯಾರಕರೇ ಬೇರೆಯಾಗಿ ಕೊಡುತ್ತಾರೆ. ಅವರ ತಂತ್ರಜ್ಞರು ಬಂದು ಪರೀಕ್ಷಿಸಿ, ತಯಾರಿಕೆಯ ದೋಷವೆಂದು ಒಪ್ಪಿದರೆ ಉಳಿದಿರುವ ರಬ್ಬರಿನ ಲೆಕ್ಕಕ್ಕೆ ತಕ್ಕಂತೆ ಬೆಲೆ ಕಡಿತ ಸಿಗುತ್ತದೆ. ಅದಕ್ಕಾಗಿ ರಸೀದಿ ಬೇಕು, ಹರಿದ ಟೈರೂ ಬೇಕು. ಹಲವರು ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರುತ್ತಾರೆ; ಸಾಕ್ಷಿ ಅಲ್ಲಿಗೆ ಮುಗಿಯಿತು. ಉತ್ತರ ಸಮಾಧಾನಕರವಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 1986ರ ಗ್ರಾಹಕ ಕಾಯಿದೆಯ ಬದಲಿಗೆ 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಕಾಯಿದೆಯಂತೆ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತಯಾರಕ, ಮಾರಾಟಗಾರ, ಸೇವೆ ಕೊಟ್ಟವನು ಮೂವರನ್ನೂ ಪ್ರಶ್ನಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ತಂಗಿಯ ಸೊಸೆ ಈಗ ಕಾರು ಹತ್ತುವ ಮೊದಲು ನಾಲ್ಕು ಗಾಲಿಗಳನ್ನೂ ಒಂದು ಸುತ್ತು ನೋಡಿ ಬರುತ್ತಾಳೆ, ಯಾರೂ ಅವಳಿಗೆ ‘ಬೇಗ ಹತ್ತು’ ಎನ್ನುವುದಿಲ್ಲ. ನಾಲ್ಕೂ ಹೊಸವು, ಸ್ಟೆಪ್ನಿ ಸೇರಿ ಐದು. ಹಳೆಯ ನಾಲ್ಕನ್ನು ಕೊಳ್ಳಲು ಒಬ್ಬ ವ್ಯಾಪಾರಿ ಬಂದಿದ್ದ. ಗೀರುಗಳು ಆಳವಾಗಿವೆ, ಕಪ್ಪು ಹಚ್ಚಿದರೆ ಒಳ್ಳೆಯ ಬೆಲೆ ಬರುತ್ತದೆಂದು ಅವನೇ ಹೇಳಿದ. ಅಳಿಯ ಕೊಡಲಿಲ್ಲ. ಹಳ್ಳಿಗೆ ಒಯ್ದು, ಕಬ್ಬಿಣ ಕೊಯ್ಯುವ ಗರಗಸದಿಂದ ಒಂದೊಂದನ್ನೂ ಅಡ್ಡಲಾಗಿ ಕತ್ತರಿಸಿದ. ಈಗ ಅವು ಬಣವೆಗೆ ಹೊದಿಸಿದ ತಾಡಪಾಲು ಗಾಳಿಗೆ ಹಾರದಂತೆ ಅದರ ಮೇಲೆ ಬಿದ್ದುಕೊಂಡಿವೆ. ಸುಲಿದುಹೋದ ಐದನೆಯದು ಮಾತ್ರ ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದೆ. ಗ್ಯಾರೇಜಿನವರಿಗೆ ಎರಡನೆಯ ಪತ್ರ ಬರೆಯುವುದು ಇನ್ನೂ ಬಾಕಿಯಿದೆ.